ಮುಟ್ಟಬಾರದ ನೀರು

ಮೇ ತಿಂಗಳ ಬೆಳಗ್ಗೆ ಎಂಟೂವರೆಗೇ ಉಪ್ಪುಂದದಲ್ಲಿ ಅಂಗಿ ಬೆನ್ನಿಗೆ ಅಂಟಿಕೊಂಡಿದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ನೀರಿನ ಟ್ಯಾಂಕರೊಂದು ಹಿಂಬದಿಯಿಂದ ತೊಟ್ಟಿಕ್ಕುತ್ತ ಬೈಂದೂರು ಕಡೆಗೆ ಹೋಗುತ್ತದೆ. ಬಾವಿಗಳ ತಳ ಕಾಣುವ ಕಾಲ ಇದು. ಕಡಲಿಗೆ ಹತ್ತಿರದ ಬಾವಿಗಳಲ್ಲಿ ಉಳಿದ ನೀರಿಗೂ ಉಪ್ಪಿನ ರುಚಿ ಹತ್ತಿದೆ. ಮಳೆಗಾಲದ ನಾಲ್ಕು ತಿಂಗಳಲ್ಲಿ ಎಡೆಬಿಡದೆ ಮಳೆ ಸುರಿಯುವ ಊರಿಗೆ ಈಗ ಒಂದು ಕೊಡ ನೀರೆಂದರೂ ಲೆಕ್ಕ.

ನೀವು ಇಳಿಯುತ್ತಿರುವುದು ಹೆದ್ದಾರಿ ಬದಿಯ ಹೊಸ ಕಟ್ಟಡವೊಂದರ ನೆಲಮಾಳಿಗೆಗೆ. ರಸ್ತೆಯ ಮಟ್ಟದಲ್ಲಿ ಬಟ್ಟೆ ಅಂಗಡಿ, ಅದರ ಮೇಲೆ ಮದುವೆ ಹಾಲ್, ಇನ್ನೂ ಮೇಲೆ ವಸತಿಗೃಹದ ಕೋಣೆಗಳು, ಕೆಳಗೆ ಪಾರ್ಕಿಂಗ್. ಬೆಂಗಳೂರು, ಮುಂಬೈಗಳಲ್ಲಿ ಹೋಟೆಲ್ ನಡೆಸಿ ದುಡಿದವರು ಊರಿಗೆ ಮರಳಿ ಕಟ್ಟುವಂಥ ಕಟ್ಟಡ. ಹೆಸರು ಬೇಡ. ಇಂಥವು ಕುಂದಾಪುರದಿಂದ ಶಿರೂರಿನವರೆಗೆ ಒಂದೊಂದಾಗಿ ಏಳುತ್ತಿವೆ. ಇವತ್ತು ಇದರ ಸ್ಪ್ರಿಂಕ್ಲರ್ ವ್ಯವಸ್ಥೆಯ ಪರೀಕ್ಷೆ. ನಾಳಿದ್ದು ಹಾಲ್‌ನಲ್ಲಿ ಮೊದಲ ಮದುವೆ.

ಪಾರ್ಕಿಂಗ್‌ನಲ್ಲಿ ತಲೆ ಎತ್ತಿದರೆ ಕೆಂಪು ಬಣ್ಣದ ಪೈಪುಗಳು ಸೂರಿನುದ್ದಕ್ಕೂ ಹರಡಿವೆ. ಅಲ್ಲಲ್ಲಿ ಕಡಲೆಕಾಯಿಗಿಂತ ಸ್ವಲ್ಪ ದೊಡ್ಡದಾದ ಹಿತ್ತಾಳೆಯ ತಲೆ. ಅದರ ನಡುವೆ ಪೆನ್ಸಿಲ್‌ಗಿಂತ ಸಣ್ಣ ಗಾಜಿನ ಕೊಳವೆ, ಒಳಗೆ ಕೆಂಪು ದ್ರವ. ಕೆಂಪೆಂದರೆ 68 ಡಿಗ್ರಿ ಸೆಲ್ಸಿಯಸ್. ಅಷ್ಟು ಬಿಸಿ ತಾಗಿದಾಗ ದ್ರವ ಹಿಗ್ಗಿ ಗಾಜು ಒಡೆಯುತ್ತದೆ, ಗಾಜು ತಡೆದಿದ್ದ ಮುಚ್ಚಳ ಹಾರುತ್ತದೆ, ನೀರು ಧುಮುಕುತ್ತದೆ. ಅಡುಗೆಮನೆಯಂಥ ಬಿಸಿ ಜಾಗಕ್ಕೆ ಹಸಿರು ಗಾಜು, 93 ಡಿಗ್ರಿಯದು. ಸಿನಿಮಾದಲ್ಲಿ ಒಬ್ಬ ಸಿಗರೇಟಿನ ಹೊಗೆ ಬಿಟ್ಟರೆ ಇಡೀ ಕಟ್ಟಡದ ಸ್ಪ್ರಿಂಕ್ಲರ್‌ಗಳೆಲ್ಲ ಮಳೆಗರೆಯುತ್ತವಲ್ಲ, ಹಾಗೆ ಆಗುವುದಿಲ್ಲ. ಸಾಮಾನ್ಯವಾಗಿ ಬೆಂಕಿಯ ಮೇಲಿರುವ ಒಂದೋ ಎರಡೋ ತಲೆಗಳು ಮಾತ್ರ ಬಿಚ್ಚಿಕೊಳ್ಳುತ್ತವೆ. 1874ರಲ್ಲಿ ಅಮೆರಿಕದ ನ್ಯೂ ಹೇವನ್‌ನಲ್ಲಿ ಹೆನ್ರಿ ಪಾರ್ಮೆಲಿ ತನ್ನ ಪಿಯಾನೊ ಕಾರ್ಖಾನೆ ಉಳಿಸಿಕೊಳ್ಳಲು ಇಂಥದ್ದೊಂದನ್ನು ಮಾಡಿದ. ಅಂದಿನಿಂದ ಇಂದಿನವರೆಗೆ ತತ್ತ್ವ ಅದೇ.

ಆದರೆ ಪರೀಕ್ಷೆಗೆ ಬಂದಿರುವ ಟೆಕ್ನಿಷಿಯನ್ ಸೂರಿನ ಕಡೆ ನೋಡುವುದೇ ಇಲ್ಲ. ಕೈಯಲ್ಲಿ ಟಾರ್ಚ್, ಕಿಸೆಯಲ್ಲಿ ಒದ್ದೆ ಚಿಂದಿ, ನೇರ ಮೂಲೆಯ ಕಬ್ಬಿಣದ ಬಾಗಿಲಿಗೆ ನಡೆಯುತ್ತಾನೆ. “ಮೇಲೆ ಇರುವುದು ಬರೀ ಬಾಯಿ. ಹೊಟ್ಟೆ ಇಲ್ಲಿದೆ” ಎನ್ನುತ್ತ ಬೀಗ ತೆಗೆಯುತ್ತಾನೆ.

ಪಂಪ್ ಕೋಣೆಯಲ್ಲಿ ಹೊಸ ಬಣ್ಣ, ಗ್ರೀಸ್, ಡೀಸೆಲ್ ಮೂರರ ವಾಸನೆ. ಸಾಲಾಗಿ ಮೂರು ಪಂಪುಗಳು. ಎಡಕ್ಕಿರುವುದು ವಿದ್ಯುತ್ ಮೋಟಾರಿನದು, ನಿಮಿಷಕ್ಕೆ 2,280 ಲೀಟರ್ ನೀರನ್ನು 70 ಮೀಟರ್ ಎತ್ತರಕ್ಕೆ ತಳ್ಳಬಲ್ಲದು. ಮಧ್ಯದ್ದು ಅಷ್ಟೇ ಸಾಮರ್ಥ್ಯದ ಡೀಸೆಲ್ ಪಂಪ್, ಪಕ್ಕದಲ್ಲೇ ಎರಡು ಜೊತೆ ಬ್ಯಾಟರಿ, ಅದರದೇ ಇಂಧನದ ತೊಟ್ಟಿ. ಬಲಕ್ಕೆ ನಿಮ್ಮ ಮೊಣಕಾಲೆತ್ತರದ ಪುಟ್ಟ ಜಾಕಿ ಪಂಪ್, ನಿಮಿಷಕ್ಕೆ 180 ಲೀಟರಿನದು. ಬಹುಮಹಡಿ ಕಟ್ಟಡಗಳಿಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಒಂದು ಸಾಮಾನ್ಯ ಜೋಡಣೆ ಇದು. ಮೂರರ ನೀರೂ ಸೇರುವ ದಪ್ಪ ಹೆಡರ್ ಪೈಪಿನ ಮೇಲೆ ಒತ್ತಡದ ಮಾಪಕ. ಮುಳ್ಳು 7 ಬಾರ್‌ನಲ್ಲಿ ನಿಂತಿದೆ.

ಗೋಡೆಯ ಆಚೆ ಟ್ಯಾಂಕ್. ಟೆಕ್ನಿಷಿಯನ್ ಮೇಲಿನ ಮುಚ್ಚಳ ಸರಿಸಿ ಟಾರ್ಚ್ ಬಿಡುತ್ತಾನೆ. ತಂಪು ಗಾಳಿ ಮುಖಕ್ಕೆ ಬಡಿಯುತ್ತದೆ. 10 ಮೀಟರ್ ಉದ್ದ, 5 ಮೀಟರ್ ಅಗಲ, 2 ಮೀಟರ್ ನೀರು: ಒಂದು ಲಕ್ಷ ಲೀಟರ್. ನಡುವೆ ಗೋಡೆ ಕಟ್ಟಿ ಎರಡು ಭಾಗ ಮಾಡಿದ್ದಾರೆ. ಒಂದನ್ನು ತೊಳೆಯುವಾಗ ಇನ್ನೊಂದು ತುಂಬಿರಬೇಕು.

ಹಿಂದೆ ನಿಂತಿದ್ದ ಕಾವಲುಗಾರನೂ ಇಣುಕುತ್ತಾನೆ. ಆತ ನಾಡದೋಣಿಯಲ್ಲಿ ಮೀನು ಹಿಡಿದು ವಯಸ್ಸಾದ ಮೇಲೆ ಈ ಕೆಲಸಕ್ಕೆ ಸೇರಿದವನು. “ಹ್ವಾಯ್, ಇಷ್ಟ್ ನೀರ್ ಸುಮ್ನೆ ಇಟ್ಕಂಡ್ ಎಂತ ಮಾಡ್ತ್ರಿ?”

ನಿಮಗೂ ಅದೇ ಅನ್ನಿಸಿದೆ. ದಿನಕ್ಕೆ 500 ಲೀಟರ್ ಖರ್ಚಿನ ಮನೆಗೆ ಇದು 200 ದಿನದ ನೀರು. ಹೊರಗೆ ಟ್ಯಾಂಕರಿಗೆ ಕಾಯುವ ಬೀದಿಗಳಿವೆ. ಮ್ಯಾನೇಜರ್ ಆಗಲೇ ಬಾಗಿಲಲ್ಲಿ ಬಂದು ನಿಂತಿದ್ದಾರೆ. ಅವರ ಮಾತು ನೇರ: ಮದುವೆಗೆ ನೀರು ಸಾಲದು, ಬೋರ್‌ವೆಲ್ ಕೈಕೊಟ್ಟಿದೆ, ಇದರಿಂದ ಹತ್ತಿಪ್ಪತ್ತು ಸಾವಿರ ಲೀಟರ್ ತೆಗೆದು ಆಮೇಲೆ ತುಂಬಿಸಿದರಾಯಿತು. ಹಾಲ್ ಕಡೆಗೆ ಒಂದು ಪೈಪ್ ಜೋಡಿಸಿ ಕೊಡಬಹುದೇ?

ಟೆಕ್ನಿಷಿಯನ್ ಉತ್ತರಕ್ಕೆ ಲೆಕ್ಕ ಹಿಡಿಯುತ್ತಾನೆ. ಒಂದು ಲಕ್ಷವನ್ನು 2,280ರಿಂದ ಭಾಗಿಸಿ. ಮುಖ್ಯ ಪಂಪ್ ಪೂರ್ಣ ವೇಗದಲ್ಲಿ ಓಡಿದರೆ ಈ ಟ್ಯಾಂಕ್ 44 ನಿಮಿಷಕ್ಕೆ ಖಾಲಿ. ಇಪ್ಪತ್ತು ಸಾವಿರ ತೆಗೆದರೆ 35 ನಿಮಿಷ. ಅಗ್ನಿಶಾಮಕ ವಾಹನ ಸಾಮಾನ್ಯವಾಗಿ ಹೊತ್ತು ತರುವುದು 4,500 ಲೀಟರ್. ಈ ಪಂಪಿಗೆ ಅದು ಎರಡು ನಿಮಿಷದ ಆಹಾರ. ಠಾಣೆ ಬೈಂದೂರಿನಲ್ಲೇ ಇದೆ, ಹತ್ತಿರ. ಆದರೆ ಕರೆ ಹೋಗಬೇಕು, ವಾಹನ ಬೇರೆ ಕಡೆ ಇರಬಾರದು, ಹೆದ್ದಾರಿ ತೆರವಾಗಿರಬೇಕು. ಅಲ್ಲಿಯವರೆಗೆ ಕಟ್ಟಡ ತನ್ನ ನೀರಿನಿಂದಲೇ ಬೆಂಕಿಯನ್ನು ಹಿಡಿದಿಟ್ಟುಕೊಳ್ಳಬೇಕು. ಬೆಂಕಿ ಹತ್ತಿದಾಗ ಈ ಲಕ್ಷ ಲೀಟರ್ ಬರೀ ನೀರಾಗಿರುವುದಿಲ್ಲ, ಸಮಯವಾಗಿರುತ್ತದೆ.

ಅವನು ಟಾರ್ಚನ್ನು ಟ್ಯಾಂಕಿನ ಗೋಡೆಯತ್ತ ತಿರುಗಿಸುತ್ತಾನೆ. ಹೊರಗಿನಿಂದ ಬರುವ ನೀರು ಮೊದಲು ಬೀಳುವುದು ಈ ಅಗ್ನಿಶಾಮಕ ಟ್ಯಾಂಕಿಗೆ. ಇದು ತುಂಬಿ, ಮೇಲಿನ ಕಿಂಡಿಯಿಂದ ಹೊರಚೆಲ್ಲಿದ್ದು ಮಾತ್ರ ಪಕ್ಕದ ಬಳಕೆಯ ಟ್ಯಾಂಕಿಗೆ ಇಳಿಯುತ್ತದೆ. ದಿನಬಳಕೆಯ ಮೋಟಾರಿನ ಪೈಪ್ ಆ ಪಕ್ಕದ ಟ್ಯಾಂಕಿನಲ್ಲೇ ಮುಗಿಯುತ್ತದೆ, ಇತ್ತ ಬರುವುದೇ ಇಲ್ಲ. ಒಂದೇ ಏರ್ಪಾಡಿಗೆ ಎರಡು ಲಾಭ: ಅಗ್ನಿಶಾಮಕ ನೀರು ಕೊಳೆಯದೆ ದಿನವೂ ಹೊಸದಾಗುತ್ತಿರುತ್ತದೆ, ಎಷ್ಟೇ ಬರ ಬಂದರೂ, ಯಾರಿಗೆ ಎಷ್ಟೇ ಆಸೆಯಾದರೂ ಈ ಮಟ್ಟ ಇಳಿಯುವುದಿಲ್ಲ. ಮ್ಯಾನೇಜರ್ ಕೇಳಿದ ಪೈಪ್ ಹಾಕಿದರೆ ಎರಡೂ ಹೋಯಿತು. “ಜೋಡಿಸುವುದು ಅರ್ಧ ಗಂಟೆಯ ಕೆಲಸ. ಮಾಡುವುದಿಲ್ಲ” ಎನ್ನುತ್ತಾನೆ.

ಈ ಮಣ್ಣಿನಲ್ಲಿ ಇನ್ನೊಂದು ಕಾರಣವೂ ಇದೆ. ಜುಲೈ ಬಂತೆಂದರೆ ಕರಾವಳಿಯಲ್ಲಿ ಅಂತರ್ಜಲ ನೆಲದ ಹತ್ತಿರಕ್ಕೇ ಏರುತ್ತದೆ. ನೆಲದೊಳಗಿನ ಖಾಲಿ ಟ್ಯಾಂಕನ್ನು ಆ ನೀರು ಕೆಳಗಿನಿಂದ ಎತ್ತುತ್ತದೆ. ನೂರು ಘನ ಮೀಟರ್ ಜಾಗ ನೀರಿನಲ್ಲಿ ಮುಳುಗಿದರೆ ನೂರು ಟನ್ ಮೇಲ್ಮುಖ ಬಲ. ಕಾಂಕ್ರೀಟಿನ ತೂಕ ಅದಕ್ಕೆ ಸಾಲದಿದ್ದರೆ ತಳ ಬಿರುಕು ಬಿಟ್ಟೀತು, ಟ್ಯಾಂಕ್ ಓರೆಯಾದೀತು. ತುಂಬಿದ ಟ್ಯಾಂಕ್ ಕದಲುವುದಿಲ್ಲ.

ಕಾವಲುಗಾರನಿಗೆ ಮತ್ತೊಂದು ಪ್ರಶ್ನೆ ಉಳಿದಿದೆ. ಪಡುವಣಕ್ಕೆ ಸ್ವಲ್ಪ ನಡೆದರೆ ಕಡಲು. ಬೇಸಿಗೆಯಲ್ಲೂ ಬತ್ತದ ನೀರು. ಅದನ್ನೇ ಎಳೆದರೆ? ಟೆಕ್ನಿಷಿಯನ್ ಹೆಡರ್ ಪೈಪನ್ನು ಬೆರಳಿನಿಂದ ತಟ್ಟುತ್ತಾನೆ. ಇದರೊಳಗೆ ನೀರು ವರ್ಷಗಟ್ಟಲೆ ನಿಂತೇ ಇರುತ್ತದೆ. ಉಪ್ಪುನೀರಾದರೆ ಕಬ್ಬಿಣವನ್ನು ಒಳಗಿನಿಂದ ತಿಂದು, ತುಕ್ಕಿನ ಹೊಪ್ಪಳೆ ಕಳಚಿ ಸ್ಪ್ರಿಂಕ್ಲರ್‌ನ ಸಣ್ಣ ಕಂಡಿಗೆ ಸಿಕ್ಕಿಕೊಳ್ಳುತ್ತದೆ. ಗಾಜು ಒಡೆದರೂ ನೀರು ಬಾರದು. ಹಾಗಾಗಿ ನಿಯಮ ಸಿಹಿನೀರನ್ನೇ ಕೇಳುತ್ತದೆ. ನಡುಗಡಲಿನ ಹಡಗಿನಲ್ಲಿ ಕೂಡ ಸ್ಪ್ರಿಂಕ್ಲರ್ ಪೈಪಿನಲ್ಲಿ ತುಂಬಿಡುವುದು ಸಿಹಿನೀರನ್ನು. ಅದು ಪೂರ್ತಿ ಮುಗಿಯುವ ಮುಂಚೆ, ಒತ್ತಡ ಇಳಿದಾಗಷ್ಟೇ ಸಮುದ್ರದ ಪಂಪ್ ಓಡುತ್ತದೆ, ಬೆಂಕಿ ಆರಿದ ಮೇಲೆ ಪೈಪನ್ನೆಲ್ಲ ಸಿಹಿನೀರಿನಿಂದ ತೊಳೆಯುತ್ತಾರೆ.

ಕಾವಲುಗಾರ ತಲೆಯಾಡಿಸುತ್ತಾನೆ. ಉಪ್ಪುಗಾಳಿ ಕಬ್ಬಿಣಕ್ಕೆ ಏನು ಮಾಡುತ್ತದೆಂದು ಅವನಿಗೆ ಹೇಳಿಕೊಡಬೇಕಿಲ್ಲ. ನೀರು ಪಕ್ಕದಲ್ಲಿದ್ದರೆ ಸಾಲದೆಂಬುದನ್ನೂ ಅವನು ಬಲ್ಲ. 2023ರ ನವೆಂಬರ್ 13, ದೀಪಾವಳಿಯ ಹೊತ್ತು. ಇಲ್ಲಿಂದ ದಕ್ಷಿಣಕ್ಕೆ ಮರವಂತೆ ದಾಟಿ ಹೋದರೆ ಸಿಗುವ ಗಂಗೊಳ್ಳಿಯಲ್ಲಿ ನಿಲ್ಲಿಸಿದ್ದ ಮೀನುಗಾರಿಕೆ ಬೋಟುಗಳಿಗೆ ಬೆಂಕಿ ಬಿತ್ತು. ಒಂದರಿಂದ ಒಂದಕ್ಕೆ ಹಾರಿ ಹಲವು ಬೋಟುಗಳು ಸುಟ್ಟುಹೋದವು. ಐದು ಹೊಳೆಗಳು ಕೂಡಿ ಕಡಲು ಸೇರುವ ಊರು ಅದು, ಸುತ್ತ ಎತ್ತ ನೋಡಿದರೂ ನೀರೇ. ಆದರೆ ಆ ನೀರನ್ನು ಒತ್ತಡದಲ್ಲಿ ಬೆಂಕಿಯ ಬುಡಕ್ಕೆ ಮುಟ್ಟಿಸಲು ಯಂತ್ರ ಬೇಕು.

“ಈಗ ಮಾಪಕ ನೋಡಿ” ಎಂದು ಟೆಕ್ನಿಷಿಯನ್ ನಿಮ್ಮನ್ನು ಹೆಡರ್ ಮುಂದೆ ನಿಲ್ಲಿಸುತ್ತಾನೆ.

ಡ್ರೈನ್ ವಾಲ್ವನ್ನು ಒಂದಿಷ್ಟೇ ತಿರುಗಿಸುತ್ತಾನೆ. ನೀರು ಸಣ್ಣಗೆ ಸಿಳ್ಳೆ ಹಾಕುತ್ತದೆ. ಮುಳ್ಳು 7ರಿಂದ ಜಾರುತ್ತ 6.5 ತಲುಪಿದಾಗ ಬಲಗಡೆ ಜಾಕಿ ಪಂಪ್ ಜೇನಿನಂತೆ ಗುಂಯ್‌ಗುಟ್ಟುತ್ತದೆ. ವಾಲ್ವ್ ಮುಚ್ಚಿದ ಮೇಲೆ ಮುಳ್ಳು ಹತ್ತಿ 7ಕ್ಕೆ ಬಂತು, ಜಾಕಿ ತಾನಾಗಿ ನಿಂತಿತು. ಎಲ್ಲೋ ಒಂದು ಜಾಯಿಂಟ್ ಹನಿಹಾಕಿ ಒತ್ತಡ ಕುಸಿದರೆ ಅಷ್ಟನ್ನು ಸರಿದೂಗಿಸುವುದು ಇದರ ಕೆಲಸ. ಇದಿಲ್ಲದಿದ್ದರೆ ಪ್ರತಿ ಹನಿಗೂ ದೊಡ್ಡ ಪಂಪ್ ಏಳಬೇಕಾಗುತ್ತಿತ್ತು. ಜಾಕಿ ಗಂಟೆಗೆ ಹತ್ತಾರು ಸಲ ಓಡುತ್ತಿದ್ದರೆ ಎಲ್ಲೋ ಸೋರುತ್ತಿದೆಯೆಂದೇ ಅರ್ಥ.

ಈ ಬಾರಿ ವಾಲ್ವ್ ಪೂರ್ತಿ ತಿರುಗುತ್ತದೆ. ನೀರಿನ ಸದ್ದು ಕೋಣೆ ತುಂಬುತ್ತದೆ. ಜಾಕಿ ಎದ್ದಿತು, ಸಾಲಲಿಲ್ಲ. 6, 5.8, 5.5. ಪ್ಯಾನೆಲ್‌ನಲ್ಲಿ ಕಾಂಟ್ಯಾಕ್ಟರ್ ಟಪ್ ಎಂದು ಬಡಿದ ಸದ್ದು, ಅದರ ಬೆನ್ನಿಗೇ ಐವತ್ತು ಅರುವತ್ತು ಅಶ್ವಶಕ್ತಿಯ ಮೋಟಾರು ಏರುವ ಕೂಗು. ನಿಮ್ಮ ಪಾದದಡಿಯ ನೆಲ ಸಣ್ಣಗೆ ನಡುಗುತ್ತದೆ. ಮುಳ್ಳು ಮೇಲೇರುತ್ತದೆ. ಟೆಕ್ನಿಷಿಯನ್ ವಾಲ್ವ್ ಮುಚ್ಚಿದ. ಜಾಕಿ ನಿಂತಿತು, ದೊಡ್ಡದು ನಿಲ್ಲಲಿಲ್ಲ. ನಿಲ್ಲಬಾರದು. ಮುಖ್ಯ ಪಂಪ್ ತಾನಾಗಿ ಏಳಬೇಕು, ಮನುಷ್ಯ ಬಂದು ನೋಡಿ ಕೈಯಾರೆ ನಿಲ್ಲಿಸಬೇಕು. ಬೆಂಕಿ ಆರಿದೆಯೋ ಇಲ್ಲವೋ ಎಂದು ಒತ್ತಡದ ಸ್ವಿಚ್ಚಿಗೆ ಗೊತ್ತಾಗುವುದಿಲ್ಲ.

“ಗಾಳಿ ಬಂತ್ ಅಂದ್ರೆ ಕರೆಂಟ್ ಹೋತ್. ಆಗ?” ಕಾವಲುಗಾರ ಕೇಳುತ್ತಾನೆ. ಮುಂಗಾರಿನ ಮೊದಲ ಗಾಳಿಗೆ ತೆಂಗಿನ ಗರಿ ತಂತಿಯ ಮೇಲೆ ಬಿದ್ದು ಕತ್ತಲಾಗುವುದು ಈ ಸೀಮೆಯಲ್ಲಿ ಯಾರಿಗೂ ಹೊಸದಲ್ಲ. ಬೆಂಕಿ ಬಿದ್ದ ಕಟ್ಟಡದಲ್ಲಂತೂ ಜನ ಮೊದಲು ಓಡುವುದೇ ಮೇನ್ ಸ್ವಿಚ್ ಎಳೆಯಲು. ಅದಕ್ಕಾಗಿ ಅಗ್ನಿಶಾಮಕ ಪಂಪಿನ ತಂತಿಯನ್ನು ಕಟ್ಟಡದ ಮೇನ್ ಸ್ವಿಚ್ಚಿಗಿಂತ ಮುಂಚೆಯೇ ಬೇರೆಯಾಗಿ ಕವಲೊಡೆಸಿರುತ್ತಾರೆ. ಉಳಿದೆಲ್ಲ ಆರಿದರೂ ಇದಕ್ಕೆ ಕರೆಂಟ್ ಇರುತ್ತದೆ. ತಂತಿಯಲ್ಲೇ ಕರೆಂಟ್ ಇಲ್ಲದಿದ್ದರೆ?

ಟೆಕ್ನಿಷಿಯನ್ ವಿದ್ಯುತ್ ಪಂಪಿನ ಬ್ರೇಕರ್ ಇಳಿಸಿ ಮತ್ತೆ ವಾಲ್ವ್ ತೆರೆಯುತ್ತಾನೆ. 5.5 ದಾಟಿತು, ಏನೂ ಆಗಲಿಲ್ಲ. 5. ಮ್ಯಾನೇಜರ್ ನಿಮ್ಮ ಮುಖ ನೋಡುತ್ತಾರೆ. 4.5. ಸ್ಟಾರ್ಟರ್ ಒಮ್ಮೆ ಗುಟುರು ಹಾಕಿ ಸುಮ್ಮನಾಯಿತು. ಕಂಟ್ರೋಲರ್ ತಾನೇ ಎರಡನೇ ಬ್ಯಾಟರಿಗೆ ಬದಲಾಯಿಸಿಕೊಂಡು ಮತ್ತೆ ತಿರುಗಿಸಿತು. ಈ ಸಲ ಇಂಜಿನ್ ಹಿಡಿಯಿತು. ಕಿವಿ ಮುಚ್ಚುವಷ್ಟು ಸದ್ದು. ಹೊಗೆಕೊಳವೆ ಬಿಸಿಯಾಗಿ ಹೊಸ ಬಣ್ಣ ಸುಡುವ ಘಾಟು. ಟೆಕ್ನಿಷಿಯನ್ ಬಗ್ಗಿ ಮೊದಲ ಬ್ಯಾಟರಿಯ ಟರ್ಮಿನಲ್ ತೋರಿಸುತ್ತಾನೆ: ಹಸಿರು ಮಿಶ್ರಿತ ಬಿಳಿ ಪುಡಿ ಕಟ್ಟಿದೆ. ಯಂತ್ರ ಇಳಿಸಿ ಹೆಚ್ಚು ಕಾಲವಾಗಿಲ್ಲ, ಕಡಲಗಾಳಿ ಆಗಲೇ ಒಳಹೊಕ್ಕಿದೆ. ಎರಡನೇ ಬ್ಯಾಟರಿ ಯಾಕೆ ಬೇಕೆಂದು ಇನ್ನು ಯಾರಿಗೂ ವಿವರಿಸಬೇಕಿಲ್ಲ.

“ದೋಣಿ ಇಂಜಿನ್ ಎರಡ್ ವಾರ ಬಿಟ್ರೆ ಸ್ಟಾರ್ಟ್ ಆತಿಲ್ಲೆ” ಎಂದು ಕಾವಲುಗಾರ ಕೂಗಿ ಹೇಳುತ್ತಾನೆ. ಕೂಗದಿದ್ದರೆ ಕೇಳುವಂತಿಲ್ಲ.

ಇಂಜಿನ್ ಓಡುತ್ತಿರುವಾಗಲೇ ಸಾಮರ್ಥ್ಯದ ಪರೀಕ್ಷೆ. ಹೆಡರಿನಿಂದ ಒಂದು ಪೈಪ್ ಫ್ಲೋಮೀಟರ್ ಮೂಲಕ ಹಾದು ಮರಳಿ ಟ್ಯಾಂಕಿಗೇ ಹೋಗುತ್ತದೆ. ಎಷ್ಟು ಹೊತ್ತು ಓಡಿಸಿದರೂ ಒಂದು ಬಿಂದಿಗೆ ನೀರೂ ಹಾಳಾಗದು. ಮೇ ತಿಂಗಳಲ್ಲಿ ಈ ಪರೀಕ್ಷೆಗೆ ಮ್ಯಾನೇಜರ್ ಒಪ್ಪಿದ್ದೇ ಆ ಭರವಸೆಯ ಮೇಲೆ. ಫ್ಲೋಮೀಟರ್ 2,280ಕ್ಕೆ ಬಂದಾಗ ಒತ್ತಡ 7 ಬಾರ್ ಆಸುಪಾಸು. ವಾಲ್ವ್ ಇನ್ನಷ್ಟು ತೆರೆದು ಒಂದೂವರೆ ಪಟ್ಟು, ಅಂದರೆ 3,420 ಲೀಟರಿಗೆ ಒಯ್ಯುತ್ತಾನೆ. ಅಷ್ಟು ಸುರಿಸುವಾಗಲೂ ಮೂಲ ಒತ್ತಡದ ಶೇಕಡಾ 65ಕ್ಕಿಂತ ಕೆಳಗೆ ಬೀಳಬಾರದು. ಮುಳ್ಳು 4.9ರಲ್ಲಿ ನಿಂತಿತು. 4.55 ಇದ್ದರೆ ಸಾಕಿತ್ತು. ಬರೆದುಕೊಂಡ.

ಇನ್ನು ಮೆಟ್ಟಿಲು. ನಾಲ್ಕನೇ ಮಹಡಿಯ ಕಾರಿಡಾರಿನ ತುದಿಯಲ್ಲಿ, ಪಂಪಿನಿಂದ ಎಲ್ಲಕ್ಕಿಂತ ದೂರದ ಮೂಲೆಯಲ್ಲಿ ಒಂದು ಪುಟ್ಟ ಪರೀಕ್ಷಾ ವಾಲ್ವ್. ಅದರ ಕಂಡಿ ಒಂದು ಸ್ಪ್ರಿಂಕ್ಲರಿನದರಷ್ಟೇ. ಹತ್ತು ಮೀಟರ್ ಏರಿದರೆ ಒಂದು ಬಾರ್ ಒತ್ತಡ ಕಳೆದಂತೆ. ಹದಿನೇಳು ಮೀಟರ್ ಹತ್ತಿ ಬಂದಿದ್ದೀರಿ, ಪೈಪಿನ ಉಜ್ಜಾಟಕ್ಕೆ ಇನ್ನಷ್ಟು ಹೋಗಿದೆ. ಸಾಧಾರಣ ಸ್ಪ್ರಿಂಕ್ಲರ್ ತಲೆ ಒಂದು ಬಾರ್ ಒತ್ತಡದಲ್ಲಿ ನಿಮಿಷಕ್ಕೆ 80 ಲೀಟರ್ ಸುರಿಸುತ್ತದೆ, ನಾಲ್ಕು ಬಾರ್‌ನಲ್ಲಿ 160. ಅಂಗಡಿಯಂಥ ಜಾಗಕ್ಕೆ ಪ್ರತಿ ಚದರ ಮೀಟರಿಗೆ ನಿಮಿಷಕ್ಕೆ 5 ಲೀಟರ್ ಬೀಳಬೇಕು. ಒಂದು ತಲೆಯಡಿ 12 ಚದರ ಮೀಟರ್ ಎಂದರೆ 60 ಲೀಟರ್. ಕೆಳಗಿನ ಪಂಪ್ ಎಷ್ಟೇ ಅಬ್ಬರಿಸಲಿ, ಈ ಮೂಲೆಗೆ ಇಷ್ಟು ಬರದಿದ್ದರೆ ಲೆಕ್ಕಕ್ಕಿಲ್ಲ.

ವಾಲ್ವ್ ತಿರುಗುತ್ತದೆ. ಮೊದಲು ಗಾಳಿ ಕೆಮ್ಮುತ್ತದೆ. ಆಮೇಲೆ ಇದ್ದಿಲಿನಷ್ಟು ಕಪ್ಪು ನೀರು, ಕೊಳೆತ ಎಣ್ಣೆಯಂಥ ವಾಸನೆ; ನಿಮ್ಮ ಚಪ್ಪಲಿಗೂ ನಾಲ್ಕು ಹನಿ. ಪೈಪಿನಲ್ಲಿ ನಿಂತ ನೀರು ಹೀಗೇ ಇರುತ್ತದೆ, ಬೆಂಕಿಗೆ ಬಣ್ಣದ ಗೊಡವೆಯಿಲ್ಲ. ನಿಧಾನಕ್ಕೆ ಕಂದು, ನಂತರ ತಿಳಿ. ಅಷ್ಟರಲ್ಲಿ ಕೆಳಗಿನಿಂದ ಢಣಢಣ ಗಂಟೆ. ಮುಖ್ಯ ಕವಾಟದ ಬಳಿ ಗೋಡೆಗೆ ಬಡಿದಿರುವ ಆ ಗಂಟೆಗೆ ವಿದ್ಯುತ್ ಬೇಡ. ಹರಿಯುವ ನೀರೇ ಒಂದು ಪುಟ್ಟ ಚಕ್ರ ತಿರುಗಿಸಿ ಅದನ್ನು ಬಾರಿಸುತ್ತದೆ. ಹೆದ್ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಬೈಕ್ ನಿಲ್ಲಿಸಿ ಮೇಲೆ ನೋಡುತ್ತಿದ್ದಾರೆ.

ಅವರು ನಿಂತ ಜಾಗದ ಹತ್ತಿರವೇ, ಕಾಂಪೌಂಡಿನ ಪಕ್ಕ, ನಾಲ್ಕು ಬಾಯಿಗಳ ಕೆಂಪು ಜೋಡಣೆ ಇದೆ. ಕಟ್ಟಡದ ಎರಡೂ ಪಂಪುಗಳು ಸೋತರೆ ಬೈಂದೂರಿನಿಂದ ಬಂದ ಅಗ್ನಿಶಾಮಕ ವಾಹನ ಇಲ್ಲಿ ಹೋಸ್ ಸಿಕ್ಕಿಸಿ ತನ್ನ ಪಂಪಿನಿಂದಲೇ ಒಳಗಿನ ಪೈಪುಗಳಿಗೆ ನೀರು ತಳ್ಳಬಹುದು. ಪಕ್ಕದಲ್ಲಿ ಟ್ಯಾಂಕಿನಿಂದ ನೀರೆಳೆಯುವ ಇನ್ನೊಂದು ಬಾಯಿ. ಕಡಲತಡಿಯ ಯಾವುದೋ ಮನೆಗೋ ಬಲೆ ಇಡುವ ಶೆಡ್ಡಿಗೋ ಬೆಂಕಿ ಹೊತ್ತಿದರೂ ವಾಹನ ಇಲ್ಲಿ ತುಂಬಿಸಿಕೊಂಡು ಹೋಗಬಹುದು. ಮ್ಯಾನೇಜರ್ ಅದರ ಮುಂದೆ ನಿಲ್ಲಿಸಿದ್ದ ತಮ್ಮ ಕಾರನ್ನು ತಾವೇ ತೆಗೆಸುತ್ತಾರೆ.

ಮತ್ತೆ ಪಂಪ್ ಕೋಣೆ. ಟರ್ಮಿನಲ್ ಉಜ್ಜಿ ಗ್ರೀಸ್ ಹಚ್ಚಿಯಾಗಿದೆ, ಬ್ರೇಕರ್ ಏರಿಸಿಯಾಗಿದೆ. ಮುಖ್ಯ ವಾಲ್ವುಗಳೆಲ್ಲ ತೆರೆದಿವೆಯೇ ಎಂದು ಒಂದೊಂದನ್ನೂ ಕೈಯಿಂದ ಮುಟ್ಟಿ, ಚರ್ಮದ ಪಟ್ಟಿ ಸುತ್ತಿ ಬೀಗ ಹಾಕುತ್ತಾನೆ. ರಿಪೇರಿಗೆಂದು ಮುಚ್ಚಿ ಮರೆತ ಒಂದು ವಾಲ್ವ್ ಸಾಕು, ಮೇಲಿನ ನೂರಾರು ತಲೆಗಳು ಸೂರಿನ ಅಲಂಕಾರವಾಗಲು. ಪ್ಯಾನೆಲ್‌ನಲ್ಲಿ ಎರಡು ತಿರುಗುಗುಂಡಿಗಳಿವೆ, ಪ್ರತಿಯೊಂದಕ್ಕೂ ಎರಡು ಸ್ಥಾನ: ಆಟೊ, ಮ್ಯಾನುಯಲ್. ಸದ್ದಿನ ಕಾಟ ಬೇಡವೆಂದು ಮ್ಯಾನುಯಲ್‌ಗೆ ತಿರುಗಿಸಿಟ್ಟ ಪಂಪ್ ಕೋಣೆಗಳು ಬೇಕಾದಷ್ಟಿವೆ ಎನ್ನುತ್ತ ಎರಡನ್ನೂ ಆಟೊಗೆ ತಿರುಗಿಸಿ ಕೀಲಿ ತೆಗೆದುಕೊಂಡು ಮ್ಯಾನೇಜರ್ ಕೈಗಿಡುತ್ತಾನೆ.

ಹೊರಗೆ ಟ್ಯಾಂಕರ್ ಬಂದಿದೆ. ಮದುವೆಯ ನೀರು. ಪೈಪ್ ಇಳಿಬಿಟ್ಟ ಕೂಡಲೇ ಅದು ಮೊದಲು ಹೋಗುವುದು ಅಗ್ನಿಶಾಮಕ ಟ್ಯಾಂಕಿಗೇ. ಡ್ರೈನ್‌ನಲ್ಲೂ ನಾಲ್ಕನೇ ಮಹಡಿಯ ಕಪ್ಪು ನೀರಿನಲ್ಲೂ ಕಳೆದದ್ದು ಕೆಲವೇ ನೂರು ಲೀಟರ್. ಅದು ತುಂಬುತ್ತಿದ್ದಂತೆ ಕಿಂಡಿಯಾಚೆ ಚೆಲ್ಲುವ ಸದ್ದು ಕೇಳುತ್ತದೆ. ಮ್ಯಾನೇಜರ್ ಇನ್ನೊಂದು ಟ್ಯಾಂಕರಿಗೆ ಫೋನ್ ಮಾಡುತ್ತಾರೆ. ಆ ಹೆಚ್ಚುವರಿ ಪೈಪಿನ ಮಾತು ಮತ್ತೆ ಎತ್ತಲಿಲ್ಲ.

ಕೊನೆಗೆ ರಿಜಿಸ್ಟರ್. ವಾರಕ್ಕೊಮ್ಮೆ ಡೀಸೆಲ್ ಪಂಪ್ ಅರ್ಧ ಗಂಟೆ, ವಿದ್ಯುತ್ ಪಂಪ್ ಹತ್ತು ನಿಮಿಷ. ಟ್ಯಾಂಕಿನ ಮಟ್ಟ, ಎಣ್ಣೆ, ಬ್ಯಾಟರಿ, ಮುಳ್ಳು ಎಲ್ಲಿತ್ತು, ಯಾವಾಗ ಎದ್ದಿತು. ಯಾರು ಮಾಡುವುದು? ಕಾವಲುಗಾರ ಶನಿವಾರವೆಂದು ತಾನೇ ಒಪ್ಪಿಕೊಳ್ಳುತ್ತಾನೆ, ಪೆನ್ನು ತೆಗೆದುಕೊಂಡು ಮೊದಲ ಸಾಲು ತುಂಬುತ್ತಾನೆ.

“ಶನಿವಾರ ಮದುವೆಯಿದ್ದರೆ?” ಮ್ಯಾನೇಜರ್ ಕೇಳುತ್ತಾರೆ. “ಈ ಸದ್ದಿನಲ್ಲಿ ಮಂತ್ರ ಕೇಳುವುದು ಹೇಗೆ?”

“ಹಾಗಾದರೆ ಬೆಳಗ್ಗೆ ಐದಕ್ಕೆ ಮಾಡಿ, ಬಿಡಬೇಡಿ” ಎನ್ನುತ್ತಾನೆ ಟೆಕ್ನಿಷಿಯನ್, ಉಪಕರಣದ ಚೀಲ ಹೆಗಲಿಗೇರಿಸುತ್ತ. “ಐನೂರು ಜನ ಒಂದೇ ಸೂರಿನಡಿ ಸೇರುವ ದಿನಕ್ಕೇ ತಾನೆ ಇದನ್ನು ಇಟ್ಟಿರುವುದು?”